ಕಬ್ಬಿನ ಗದ್ದೆ, ಬಿಯರಿನ ಸೀಸೆ

ಮಂಡ್ಯವೆಂದರೆ ಸಕ್ಕರೆ, ಬೆಂಗಳೂರೆಂದರೆ ಬಿಯರು ಎಂಬುದು ಚೆನ್ನೈಯಲ್ಲಿ ನೆಲಸಿರುವ ನಮ್ಮವರ ಮಾತುಕತೆಯಲ್ಲಿ ರೂಢಿಯಾಗಿ ಬಂದಿದೆ. ಎರಡು ಊರುಗಳ ನಡುವಣ ದಾರಿ ಸುಮಾರು ನೂರು ಕಿಲೋಮೀಟರು ಮಾತ್ರ. ಆದುದರಿಂದ ಮಂಡ್ಯದ ಕಬ್ಬೇ ಬೆಂಗಳೂರಿಗೆ ಹೋಗಿ ಬಿಯರಾಗಿ ಸೀಸೆಗೆ ಇಳಿಯುತ್ತದೆಂದು ನಂಬಿದವರು ಅನೇಕರಿದ್ದಾರೆ. ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿಯೂ ಈ ನಂಬಿಕೆ ಉಂಟು. "ಕಬ್ಬಿನ ಹಾಲಿನಿಂದ ಆದದ್ದು, ಅದರಿಂದ ಏನು ಕೇಡು?" ಎಂದು ಕೇಳುವವರನ್ನೂ ನಾವು ಬಲ್ಲೆವು.

ಈ ಒಂದು ಮಾತಿನಲ್ಲಿ ಎರಡು ತಪ್ಪುಗಳಿವೆ. ಬಿಯರು ಕಬ್ಬಿನಿಂದ ಆಗುವುದಿಲ್ಲ. ಅದು ಧಾನ್ಯದಿಂದ ಆಗುವ ಪಾನೀಯ. ಕಬ್ಬಿನಿಂದ ಆಗುವುದು ಸಾರಾಯಿ, ರಮ್ಮು, ಮತ್ತು ನಮ್ಮ ದೇಶದಲ್ಲಿ ಬ್ರಾಂದಿ, ವಿಸ್ಕಿ ಎಂಬ ಹೆಸರುಗಳಿಂದ ಮಾರಾಟವಾಗುವ ಸರಕಿನಲ್ಲಿ ಬಹಳಷ್ಟು. ಇನ್ನು ಕೇಡಿನ ಮಾತು: ಅದು ಯಾವುದರಿಂದ ಆಯಿತು ಎಂಬುದಕ್ಕಿಂತ ಅದರಲ್ಲಿ ಎಷ್ಟು ಮದ್ಯಸಾರವಿದೆ, ಎಂಥ ಮದ್ಯಸಾರವಿದೆ ಎಂಬುದನ್ನು ಅವಲಂಬಿಸಿದೆ.

ಇದು ಪಂಡಿತರು ಕುಳಿತು ಚರ್ಚಿಸತಕ್ಕ ಸೂಕ್ಷ್ಮವೆಂದು ವಾಚಕರು ಭಾವಿಸಬಾರದು. ಕಬ್ಬು ಬೆಳೆದವನ ಕೈಗೆ ಎಷ್ಟು ಬಂದಿತು, ಸರ್ಕಾರದ ಬೊಕ್ಕಸಕ್ಕೆ ಎಷ್ಟು ಹೋಯಿತು, ಕುಡಿದವನ ಮನೆಯಲ್ಲಿ ಏನು ಉಳಿಯಿತು ಎಂಬ ಮೂರು ಲೆಕ್ಕಗಳೂ ಈ ವ್ಯತ್ಯಾಸದ ಮೇಲೆ ನಿಂತಿವೆ. ಆದುದರಿಂದ ಗದ್ದೆಯಿಂದ ಸೀಸೆಯವರೆಗಿನ ದಾರಿಯನ್ನು ಒಮ್ಮೆ ಕ್ರಮವಾಗಿ ನೋಡೋಣ.

ಮೂರು ಅಕ್ಷರಗಳ ಅರ್ಥ

ಈ ದಾರಿಯ ಕುರುಹು ಚೆನ್ನೈಯಲ್ಲಿಯೇ ಇದೆ. ಹೈಕೋರ್ಟಿನ ಬಳಿಯ ಪ್ಯಾರೀಸ್ ಕಾರ್ನರಿನಲ್ಲಿ ಬಸ್ಸು ಇಳಿಯದವರು ನಮ್ಮಲ್ಲಿ ಯಾರೂ ಇರಲಾರರು. 1788ರಲ್ಲಿ ಮದರಾಸಿಗೆ ಬಂದ ಥಾಮಸ್ ಪ್ಯಾರಿ ಎಂಬ ವೇಲ್ಸ್ ದೇಶದ ವರ್ತಕನ ಹೆಸರು ಆ ಮೂಲೆಗೆ ನಿಂತಿದೆ. ಅವನು ಕಟ್ಟಿದ ವ್ಯಾಪಾರಸಂಸ್ಥೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲೂರಿನ ಸಮೀಪದ ನೆಲ್ಲಿಕುಪ್ಪಂನಲ್ಲಿ ಸಕ್ಕರೆಯ ಕೈಗಾರಿಕೆಗೆ ಇಳಿಯಿತು. ಇಂದು ಆ ಸಂಸ್ಥೆಯನ್ನು ಇ.ಐ.ಡಿ. ಪ್ಯಾರಿ ಎಂದು ಕರೆಯುತ್ತಾರೆ. ಸಕ್ಕರೆಯ ಪೊಟ್ಟಣದ ಮೇಲೆ ಈ ಹೆಸರನ್ನು ಓದುವ ಗೃಹಿಣಿಯರಲ್ಲಿ ಆ ಮೂರು ಅಕ್ಷರಗಳ ಅರ್ಥ ಬಲ್ಲವರು ಕಡಮೆ. ಅವು 'ಈಸ್ಟ್ ಇಂಡಿಯಾ ಡಿಸ್ಟಿಲರೀಸ್' ಎಂಬುದರ ಮೊದಲಕ್ಷರಗಳು. ಅಂದರೆ ಬಟ್ಟಿ ಇಳಿಸುವ ಕಾರ್ಖಾನೆಗಳು. ಸಕ್ಕರೆಯೂ ಮದ್ಯಸಾರವೂ ಒಂದೇ ಅಂಗಳದ ಎರಡು ಕೆಲಸಗಳಾಗಿದ್ದುವೆಂಬುದನ್ನು ಆ ಹೆಸರೇ ಸಾರುತ್ತದೆ.

ಕಬ್ಬಿನ ಬೇಸಾಯ

ಕಬ್ಬು ಹುಲ್ಲಿನ ಜಾತಿಗೆ ಸೇರಿದ ಗಿಡ. ತಮಿಳು ನಾಡಿಗೆ ಕಬ್ಬನ್ನು ಮೊದಲು ತಂದ ಕೀರ್ತಿಯನ್ನು ಸಂಘಕಾಲದ ಕವಿಗಳು ತಗಡೂರಿನ ಅದಿಯಮಾನನ ಪೂರ್ವಜರಿಗೆ ಕೊಟ್ಟಿದ್ದಾರೆ. ತಗಡೂರೆಂದರೆ ಈಗಿನ ಧರ್ಮಪುರಿ. ಕನ್ನಡ ಮಾತನಾಡುವ ಜನ ಇಂದಿಗೂ ಇರುವ ಗಡಿ ಸೀಮೆ. ಎಂದಮೇಲೆ ಕಬ್ಬು ಎರಡು ನಾಡುಗಳಿಗೂ ಹಳೆಯ ನಂಟು.

ರೈತನು ಕಬ್ಬನ್ನು ಕಾಳಿನಿಂದ ಬಿತ್ತುವುದಿಲ್ಲ. ಎರಡು ಮೂರು ಕಣ್ಣುಗಳುಳ್ಳ ತುಂಡುಗಳನ್ನು ಸಾಲುಗಳಲ್ಲಿ ಊರುತ್ತಾನೆ. ಬೆಳೆ ಕೈಗೆ ಬರಲು ಹತ್ತರಿಂದ ಹನ್ನೆರಡು ತಿಂಗಳು ಬೇಕು. ತಳಿಯನ್ನೂ ನಾಟಿ ಮಾಡಿದ ಕಾಲವನ್ನೂ ನೋಡಿ ಇನ್ನೂ ಕೆಲವು ತಿಂಗಳು ಹಿಡಿಯುವುದುಂಟು. ಮೊದಲ ಬೆಳೆಯನ್ನು ಕಡಿದ ಮೇಲೆ ಬುಡದಿಂದ ಚಿಗುರಿ ಬರುವುದು ಕೂಳೆ ಬೆಳೆ. ಅದಕ್ಕೆ ಬಿತ್ತನೆಯ ಖರ್ಚು ಇಲ್ಲ, ಆದರೆ ಇಳುವರಿ ಸಾಮಾನ್ಯವಾಗಿ ಕಡಮೆ. ನೀರಂತೂ ಬಹಳ ಬೇಕು. ಬೆಳೆಯ ಇಡೀ ಅವಧಿಗೆ 1500ರಿಂದ 2500 ಮಿಲಿಮೀಟರ್ ಮಳೆಗೆ ಸಮನಾದ ನೀರನ್ನು ಅದು ಕುಡಿಯುತ್ತದೆ. ಆದ್ದರಿಂದಲೇ ನಾಲೆ ಬಂದ ಕಡೆಗೆ ಕಬ್ಬು ಬಂದಿತು.

ಮಂಡ್ಯದ ಕಥೆ ಇದಕ್ಕೆ ಸಾಕ್ಷಿ. ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಆ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ (ಅದೇ ಈಗಿನ ವಿಶ್ವೇಶ್ವರಯ್ಯ ನಾಲೆ) ರಾಗಿ, ಹುರುಳಿ ಬೆಳೆಯುತ್ತಿದ್ದ ಒಣ ನೆಲಕ್ಕೆ ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದ ಡಾ. ಲೆಸ್ಲಿ ಕೋಲ್ಮನ್ ಅವರ ದುಡಿಮೆಯನ್ನು ಮಂಡ್ಯದ ಜನ ಮರೆತಿಲ್ಲ. ಸಕ್ಕರೆ ಕಾರ್ಖಾನೆಯ ಜೊತೆಗೆ ಅಲ್ಲಿಯೂ ಮದ್ಯಸಾರದ ಬಟ್ಟಿ ಎದ್ದಿತು. ನೆಲ್ಲಿಕುಪ್ಪಂನಲ್ಲಿ ಕಂಡ ಜೋಡಿಯೇ ಮಂಡ್ಯದಲ್ಲಿಯೂ ಕಂಡಿತು.

ನೀರಿನಷ್ಟೇ ಮುಖ್ಯವಾದುದು ತಳಿ. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ರಸವುಳ್ಳ ದಪ್ಪ ಕಬ್ಬನ್ನು ಕಾಡಿನಲ್ಲಿ ಬೆಳೆಯುವ ಕಾಸಹುಲ್ಲಿನೊಡನೆ ಕೂಡಿಸಿ, ರೋಗವನ್ನೂ ಬರವನ್ನೂ ತಾಳಬಲ್ಲ ಹೊಸ ಕಬ್ಬನ್ನು ಪಡೆದರು. 1918ರ 'ಕೊ 205' ಈ ಬಗೆಯ ಮೊದಲ ಸಂತಾನ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರೂ ಅಲ್ಲಿ ದುಡಿದವರೇ. ಇಂದು ಕರ್ನಾಟಕ, ತಮಿಳುನಾಡುಗಳ ಹೊಲಗಳಲ್ಲಿ ವಿಶೇಷವಾಗಿ ಕಾಣುವ 'ಕೊ 86032' ಎಂಬ ಕಬ್ಬಿನ ಹೆಸರಿನಲ್ಲಿರುವ 'ಕೊ' ಎಂಬ ಅಕ್ಷರವು ಕೊಯಮತ್ತೂರನ್ನೇ ಹೇಳುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಭತ್ತವನ್ನು ಕಣಜದಲ್ಲಿಟ್ಟು ಬೆಲೆ ಬರುವವರೆಗೆ ಕಾಯಬಹುದು. ಕಬ್ಬನ್ನು ಕಡಿದ ಮೇಲೆ ಕಾಯುವಂತಿಲ್ಲ. ಅದರಲ್ಲಿನ ಸಕ್ಕರೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಗಾಡಿ ಕಾರ್ಖಾನೆಯ ಬಾಗಿಲಲ್ಲಿ ನಿಂತರೆ ನಷ್ಟ ರೈತನದು. ಹಿಂದೆ ಊರ ಆಲೆಮನೆಯೇ ಅವನಿಗೆ ಆಸರೆಯಾಗಿತ್ತು. ತನ್ನ ಕಬ್ಬನ್ನು ತಾನೇ ಗಾಣಕ್ಕೆ ಕೊಟ್ಟು, ಕೊಪ್ಪರಿಗೆಯಲ್ಲಿ ಕಾಯಿಸಿ, ಬೆಲ್ಲದ ಅಚ್ಚು ಹಾಕಿಕೊಳ್ಳಬಹುದಾಗಿತ್ತು. ಮಂಡ್ಯದ ಕಡೆ ಆಲೆಮನೆಗಳು ಇಂದಿಗೂ ಉಳಿದಿವೆ. ಆದರೆ ಹೆಚ್ಚಿನ ಕಬ್ಬು ಈಗ ಕಾರ್ಖಾನೆಯ ಕಡೆಗೇ ಹೋಗುತ್ತದೆ.

ಕಾಕಂಬಿಯ ಮಹಿಮೆ

ಕಾರ್ಖಾನೆಗೆ ಹೋದ ಒಂದು ಟನ್ ಕಬ್ಬು ಏನಾಗುತ್ತದೆ? ಸ್ಥೂಲವಾಗಿ ಹೇಳುವುದಾದರೆ, ನೂರು ಕಿಲೋ ಸಕ್ಕರೆ ಬರುತ್ತದೆ. ಮುನ್ನೂರು ಕಿಲೋದಷ್ಟು ರಚ್ಚು, ಅಂದರೆ ಹಿಂಡಿದ ಸಿಪ್ಪೆ, ಉಳಿಯುತ್ತದೆ. ಅದನ್ನು ಉರಿಸಿ ಕಾರ್ಖಾನೆಯು ತನ್ನ ಹಬೆಯನ್ನೂ ವಿದ್ಯುತ್ತನ್ನೂ ಮಾಡಿಕೊಳ್ಳುತ್ತದೆ. ಸಕ್ಕರೆಯ ಹರಳುಗಳನ್ನೆಲ್ಲ ತೆಗೆದ ಮೇಲೆ ಇನ್ನು ಹರಳುಗಟ್ಟದೆ ಉಳಿಯುವ ಕಪ್ಪು ಮಂದ ಪಾಕವೇ ಕಾಕಂಬಿ. ಅದು ನಲವತ್ತರಿಂದ ನಲವತ್ತೈದು ಕಿಲೋ ಬರುತ್ತದೆ.

ಕಾಕಂಬಿ ತಿನ್ನಲು ಹಿತವಲ್ಲ; ಆದರೆ ಅದರ ತೂಕದಲ್ಲಿ ಸುಮಾರು ಅರ್ಧ ಭಾಗ ಇನ್ನೂ ಸಕ್ಕರೆಯೇ. ಅದಕ್ಕೆ ನೀರು ಬೆರೆಸಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಸೇರಿಸಿದರೆ, ಒಂದೆರಡು ದಿನಗಳಲ್ಲಿ ಅದು ನೊರೆಗಟ್ಟಿ ಹುದುಗುತ್ತದೆ. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಅನಿಲವನ್ನೂ ಬಿಡುತ್ತದೆ. ಈ ಹುದುಗಿದ ನೀರನ್ನು ಕಾಯಿಸಿ, ಹಬೆಯನ್ನು ತಣಿಸಿ ಹಿಡಿಯುವುದೇ ಬಟ್ಟಿ ಇಳಿಸುವುದು. ನೀರಿಗಿಂತ ಮೊದಲೇ ಮದ್ಯಸಾರ ಆವಿಯಾಗುವುದರಿಂದ ಅದು ಬೇರ್ಪಡುತ್ತದೆ. ಒಂದು ಟನ್ ಕಾಕಂಬಿಯಿಂದ ಸುಮಾರು 220ರಿಂದ 250 ಲೀಟರ್ ಮದ್ಯಸಾರ ಸಿಗುತ್ತದೆ. ಎಂದರೆ ಒಂದು ಟನ್ ಕಬ್ಬಿನ ಹಿಂದೆ ಹತ್ತು ಲೀಟರು.

ಈ ಹತ್ತು ಲೀಟರಿಗೆ ನೀರು ಸೇರಿಸಿ ಹಳ್ಳಿಯಲ್ಲಿ ಮಾರಿದಾಗ ಅದರ ಹೆಸರು ಸಾರಾಯಿ. ಇನ್ನಷ್ಟು ಶುದ್ಧಿಮಾಡಿ, ಬಣ್ಣ ಮತ್ತು ವಾಸನೆ ಕಟ್ಟಿ ಸೀಸೆಯಲ್ಲಿ ತುಂಬಿದಾಗ ಅದರ ಹೆಸರು ಬ್ರಾಂದಿ ಅಥವಾ ವಿಸ್ಕಿ. ಬ್ರಾಂದಿ ದ್ರಾಕ್ಷಿಯಿಂದಲೂ ವಿಸ್ಕಿ ಧಾನ್ಯದಿಂದಲೂ ಆಗತಕ್ಕದ್ದೆಂಬುದು ಯೂರೋಪಿನ ಕಾನೂನು. ಕಾಕಂಬಿಯಿಂದಾದುದಕ್ಕೆ ಅಲ್ಲಿ ಆ ಹೆಸರುಗಳು ಸಲ್ಲವು. ರಮ್ಮಿನ ಹೆಸರು ಮಾತ್ರ ಕಬ್ಬಿಗೆ ನ್ಯಾಯವಾಗಿ ಸಲ್ಲುವುದು.

ಬಿಯರು ಬೇರೆ ಮನೆತನ

ಈಗ ಬಿಯರಿನ ಕಡೆಗೆ ತಿರುಗೋಣ. ಬಿಯರಿನ ಮೂಲ ಬಾರ್ಲಿ, ಅಂದರೆ ಜವೆಗೋಧಿ. ಅದು ನಮ್ಮ ದೇಶದಲ್ಲಿ ಮುಖ್ಯವಾಗಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣಗಳಲ್ಲಿ ಬೆಳೆಯುತ್ತದೆ. ಧಾನ್ಯದಲ್ಲಿ ಇರುವುದು ಸಕ್ಕರೆಯಲ್ಲ, ಪಿಷ್ಟ. ಪಿಷ್ಟವನ್ನು ಯೀಸ್ಟು ತಿನ್ನಲಾರದು. ಆದುದರಿಂದ ಮೊದಲು ಪಿಷ್ಟವನ್ನು ಸಕ್ಕರೆಯಾಗಿಸಬೇಕು.

ಇದನ್ನು ಮಾಡುವ ಉಪಾಯ ನಮ್ಮ ತಾಯಂದಿರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಎಳೆಯ ಮಗುವಿಗೆ ಸರಿ ಮಾಡುವಾಗ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಾರೆ. ಮೊಳಕೆ ಬಂದ ರಾಗಿಯ ಸರಿ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಇರುತ್ತದೆ. ಏತಕ್ಕೆಂದರೆ ಮೊಳೆಯುವಾಗ ಕಾಳು ತನ್ನ ಪಿಷ್ಟವನ್ನು ಕರಗಿಸುವ ರಸಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬಾರ್ಲಿಯನ್ನು ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸಿದರೆ ಅದೇ ಮಾಲ್ಟು. ಮಾಲ್ಟನ್ನು ನುಚ್ಚುಮಾಡಿ ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ನೆನೆಹಾಕಿದಾಗ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸಿ, ತಣಿಸಿ, ಯೀಸ್ಟು ಬೆರೆಸಿ ಹುದುಗಲು ಬಿಡುತ್ತಾರೆ. ಬಿಯರನ್ನು ಬಟ್ಟಿ ಇಳಿಸುವುದಿಲ್ಲ. ಸಾರಾಯಿಗೂ ಬಿಯರಿಗೂ ಇರುವ ಮುಖ್ಯ ಅಂತರ ಇದೇ. ಕೆಲವು ಕಾರ್ಖಾನೆಗಳು ಮಾಲ್ಟಿನ ಜೊತೆಗೆ ಅಕ್ಕಿ, ಮೆಕ್ಕೆಜೋಳ ಅಥವಾ ಸ್ವಲ್ಪ ಸಕ್ಕರೆಯನ್ನು ಸೇರಿಸುವುದುಂಟು. ಬಿಯರಿನ ಮನೆಗೆ ಕಬ್ಬು ಹೀಗೆ ನೆಂಟನಾಗಿ ಹೋಗುತ್ತದೆಯೇ ಹೊರತು ಅಲ್ಲಿನ ಯಜಮಾನನಲ್ಲ.

ಹಾಗಾದರೆ ಬಿಯರು ಬೆಂಗಳೂರಿಗೆ ಬಂದುದು ಹೇಗೆ? ಬಿಳಿಯ ಸೈನಿಕರಿಂದ ಮತ್ತು ಹವೆಯಿಂದ. ಮೊದಮೊದಲು ಮದರಾಸಿನ ದಂಡಿನವರಿಗೆ ಬಿಯರು ಇಂಗ್ಲೆಂಡಿನಿಂದ ಹಡಗಿನಲ್ಲಿ ಪೀಪಾಯಿಗಳಲ್ಲಿ ಬರುತ್ತಿತ್ತು. ಮದರಾಸಿನ ಬಿಸಿಯಲ್ಲಿ ಹುದುಗು ಕೆಡುತ್ತದೆ. ತಂಪುಯಂತ್ರಗಳಿಲ್ಲದ ಕಾಲದಲ್ಲಿ ತಂಪಾದ ಬೆಟ್ಟಸೀಮೆಯೇ ಬೇಕಾಗಿತ್ತು. ಹೀಗೆ ನೀಲಗಿರಿಯಲ್ಲಿಯೂ ದಂಡು ಬೀಡುಬಿಟ್ಟಿದ್ದ ಬೆಂಗಳೂರಿನಲ್ಲಿಯೂ ಬಿಯರಿನ ಕಾರ್ಖಾನೆಗಳು ಎದ್ದುವು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬಾತ ದಕ್ಷಿಣ ಭಾರತದ ಐದು ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪೆನಿಯನ್ನು ಕಟ್ಟಿದನು. 1947ರಲ್ಲಿ ವಿಠಲ ಮಲ್ಯ ಅವರು ಅದರ ಆಡಳಿತಮಂಡಲಿಯನ್ನು ಸೇರಿದ ಮೊದಲ ಭಾರತೀಯರಾದರು. ಬೆಂಗಳೂರಿನ ನಡುವೆ ಆ ಕಾರ್ಖಾನೆ ಇದ್ದ ಸ್ಥಳದಲ್ಲಿ ಈಗ ಯು.ಬಿ. ಸಿಟಿ ಎಂಬ ಎತ್ತರದ ಕಟ್ಟಡಗಳಿವೆ. ಮಂಡ್ಯದ ಕಬ್ಬಿಗೂ ಈ ಕಥೆಗೂ ಹುಟ್ಟಿನ ಸಂಬಂಧವಿಲ್ಲ.

ಕಬ್ಬಿನ ಹಾಲನ್ನೇ ಹುದುಗಿಸಿ ಕುಡಿದವರು

ಬಟ್ಟಿ ಇಳಿಸದೆ ಕಬ್ಬಿನ ಹಾಲನ್ನೇ ಹುದುಗಿಸಿ ಕುಡಿದವರು ಇಲ್ಲವೇ ಎಂದರೆ, ಇದ್ದಾರೆ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಕಬ್ಬಿನ ರಸದಿಂದಾದ ಇಂಥ ಪಾನೀಯಕ್ಕೆ ಸೀಧು ಎಂಬ ಹೆಸರಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ಮೇಲ್ವಿಚಾರಣೆಗಾಗಿಯೇ ಸುರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಅಬಕಾರಿ ಇಲಾಖೆ ಬಿಳಿಯರು ತಂದ ಹೊಸ ವಸ್ತುವೇನೂ ಅಲ್ಲವೆಂದು ಇದರಿಂದ ತಿಳಿಯುತ್ತದೆ.

ಫಿಲಿಪೈನ್ಸ್ ದೇಶದ ಇಲೋಕೋಸ್ ಪ್ರಾಂತದಲ್ಲಿ ರೈತರು ಕಬ್ಬಿನ ರಸದಿಂದ 'ಬಾಸಿ' ಎಂಬ ಪಾನೀಯವನ್ನು ಮನೆಯಲ್ಲಿ ಮಾಡಿಕೊಳ್ಳುತ್ತಿದ್ದರು. ಸ್ಪೇನಿನ ಸರ್ಕಾರವು ಅದರ ತಯಾರಿಕೆಯನ್ನು ಜನರಿಂದ ಕಿತ್ತುಕೊಂಡು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ತಾವು ಬೆಳೆದ ಕಬ್ಬಿನಿಂದ ತಾವು ಮಾಡಿಕೊಳ್ಳುತ್ತಿದ್ದುದನ್ನು ಸರ್ಕಾರದ ಅಂಗಡಿಯಿಂದ ಕೊಳ್ಳಬೇಕಾಗಿ ಬಂದುದೇ 1807ರಲ್ಲಿ ದಂಗೆಗೆ ಕಾರಣವಾಯಿತು. ಅದನ್ನು ಇಂದಿಗೂ ಬಾಸಿ ದಂಗೆಯೆಂದೇ ಕರೆಯುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಕಬ್ಬಿನ ಹಾಲು ಹೆಚ್ಚಾಗಿ ಬೆಲ್ಲವಾಯಿತು. ಬೆಲ್ಲವನ್ನು ಇಟ್ಟುಕೊಳ್ಳಬಹುದು, ಸಂತೆಗೆ ಒಯ್ಯಬಹುದು, ಅದಕ್ಕೆ ಬೆಲೆಯುಂಟು. ಕುಡಿಯುವವರಿಗೆ ಈಚಲ ಮರವೂ ತೆಂಗಿನ ಮರವೂ ಹೆಂಡವನ್ನು ಕೊಡುತ್ತಿದ್ದುವು. ಅದಕ್ಕಾಗಿ ಗದ್ದೆ ಉಳಬೇಕಾಗಿರಲಿಲ್ಲ. ಧಾನ್ಯದಿಂದ ಮಾಡುವ ನಾಡಬಿಯರು ಬೇಕಾದರೆ ಪೂರ್ವದ ಬೆಟ್ಟಗಳಿಗೆ ಹೋಗಬೇಕು. ನೇಪಾಳ, ಸಿಕ್ಕಿಮುಗಳಲ್ಲಿ ನಮ್ಮ ರಾಗಿಯನ್ನೇ ಹುದುಗಿಸಿ, ಬಿಸಿನೀರು ಹೊಯ್ದು, ಬಿದಿರಿನ ಕೊಳವೆಯಿಂದ ಹೀರುತ್ತಾರೆ.

ಬೊಕ್ಕಸದ ಪುಸ್ತಕ

ಹುಟ್ಟಿನಲ್ಲಿ ಬೇರೆಯಾದ ಬಿಯರು ಮತ್ತು ಸಾರಾಯಿಗಳು ಒಂದಾಗುವುದು ಅಬಕಾರಿಯ ಲೆಕ್ಕದ ಪುಸ್ತಕದಲ್ಲಿ. ಈ ಪುಸ್ತಕದ ಚರಿತ್ರೆಯು ಮದರಾಸಿನಲ್ಲಿ ವಿಚಿತ್ರವಾದ ತಿರುವುಗಳನ್ನು ಕಂಡಿದೆ.

1937ರ ಅಕ್ಟೋಬರ್ 1ರಂದು ರಾಜಾಜಿಯವರ ಸರ್ಕಾರವು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದಿತು. ಧರ್ಮಪುರಿ, ಹೊಸೂರುಗಳು ಆಗ ಆ ಜಿಲ್ಲೆಯಲ್ಲಿಯೇ ಇದ್ದುವು. ಅಬಕಾರಿಯಿಂದ ಬರುತ್ತಿದ್ದ ಹಣ ನಿಂತಿತಲ್ಲ, ಅದನ್ನು ತುಂಬಿಕೊಳ್ಳುವುದು ಹೇಗೆ? 1939ರಲ್ಲಿ ಮದರಾಸು ಸರ್ಕಾರ ಮಾರಾಟ ತೆರಿಗೆಯನ್ನು ಹಾಕಿತು. ನಾವು ಕೊಳ್ಳುವ ಬಟ್ಟೆ ಮೊದಲಾದ ಸರಕುಗಳ ಮೇಲಿನ ತೆರಿಗೆಯ ವಂಶವೃಕ್ಷವನ್ನು ಹುಡುಕುತ್ತ ಹೋದರೆ ಹೆಂಡದಂಗಡಿಯ ಮುಚ್ಚಿದ ಬಾಗಿಲು ಸಿಗುತ್ತದೆಂಬುದು ಸೋಜಿಗದ ಸಂಗತಿ.

1948ರಲ್ಲಿ ಪಾನನಿರೋಧವು ಮದರಾಸು ಪ್ರಾಂತಕ್ಕೆಲ್ಲ ಹರಡಿತು. ಮಂಗಳೂರು, ಬಳ್ಳಾರಿ, ಕೊಳ್ಳೇಗಾಲಗಳ ಕನ್ನಡಿಗರು ಆಗ ಇದೇ ಪ್ರಾಂತಕ್ಕೆ ಸೇರಿದ್ದರಿಂದ ಅವರೂ ಈ ಕಾಯಿದೆಗೆ ಒಳಪಟ್ಟರು. ವೈದ್ಯರ ಶಿಫಾರಸಿನ ಮೇಲೆ ಪರ್ಮಿಟ್ ಪಡೆದವರಿಗೆ ಮಾತ್ರ ಸೀಸೆ ಸಿಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡವರು. 1971ರಲ್ಲಿ ತಮಿಳುನಾಡು ಈ ಕಾಯಿದೆಯನ್ನು ತಡೆಹಿಡಿಯಿತು. 1974ರ ಹೊತ್ತಿಗೆ ಹೆಂಡ, ಸಾರಾಯಿ ಅಂಗಡಿಗಳು ಮತ್ತೆ ಮುಚ್ಚಿದುವು. 1981ರಲ್ಲಿ ಮತ್ತೆ ತೆರೆದುವು. 1983ರಲ್ಲಿ ಟಾಸ್ಮಾಕ್ ಎಂಬ ಸರ್ಕಾರಿ ಸಂಸ್ಥೆ ಸಗಟು ವ್ಯಾಪಾರಕ್ಕಾಗಿ ಹುಟ್ಟಿತು. 1987ರಲ್ಲಿ ಹೆಂಡಕ್ಕೂ ಸಾರಾಯಿಗೂ ಪುನಃ ನಿಷೇಧ ಬಂದಿತು. 2003ರಿಂದ ಚಿಲ್ಲರೆ ಅಂಗಡಿಗಳೂ ಟಾಸ್ಮಾಕಿನ ಕೈಗೆ ಬಂದುವು. ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತದ್ದು 2007ರ ಜುಲೈ 1ರಂದು.

ಈ ತೇದಿಗಳಲ್ಲಿ ಅಡಗಿರುವ ಪಾಠವನ್ನು ಗಮನಿಸಬೇಕು. ಸಾರಾಯಿ ನಿಂತಿತು, ಆದರೆ ಕಾಕಂಬಿಯ ಮದ್ಯಸಾರ ನಿಲ್ಲಲಿಲ್ಲ. ಅದು ಬಣ್ಣ ಬಳಿದುಕೊಂಡು, ಅಗ್ಗದ ಬ್ರಾಂದಿ ವಿಸ್ಕಿಗಳಾಗಿ, ಹೆಚ್ಚಿನ ಬೆಲೆಗೆ ಅದೇ ಕೂಲಿಕಾರನ ಕೈಗೆ ಬಂದಿತು. ಹೆಸರು ಬದಲಾಯಿತು, ಸಾರ ಬದಲಾಗಲಿಲ್ಲ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಕೈಗಾರಿಕೆಯ ಮದ್ಯಸಾರದ ಮೇಲೆಯೂ ರಾಜ್ಯಗಳಿಗೆ ಅಧಿಕಾರವುಂಟೆಂದು ಬಹುಮತದಿಂದ ತೀರ್ಪು ಕೊಟ್ಟಿತು. ಹೀಗಾಗಿ ಕಾಕಂಬಿಯ ಮೇಲಣ ರಾಜ್ಯಗಳ ಹಿಡಿತ ಈಗ ಇನ್ನಷ್ಟು ಬಿಗಿಯಾಗಿದೆ.

ಪ್ರಾಣಕ್ಕೆ ಎರವಾಗುವ ವಿಷ

ಇನ್ನೊಂದು ಸಂಗತಿಯನ್ನು ಎಲ್ಲರೂ ತಿಳಿದಿರತಕ್ಕದ್ದು ಅವಶ್ಯ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿಗೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. 2008ರಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಗಳ ಸೀಮೆಯಲ್ಲಿ ನೂರೈವತ್ತರ ಮೇಲೆ. 2024ರ ಜೂನಿನಲ್ಲಿ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು. ಇವರ ಪ್ರಾಣವನ್ನು ತೆಗೆದುದು ಮೆಥನಾಲ್ ಎಂಬ ವಿಷ.

ಕಾಕಂಬಿಯನ್ನೋ ಧಾನ್ಯವನ್ನೋ ಹುದುಗಿಸಿದಾಗ ಬರುವುದು ಎಥನಾಲ್. ಮೆಥನಾಲ್ ಅದರ ದಾಯಾದಿ. ಬಣ್ಣ, ವಾರ್ನಿಷುಗಳ ಕೆಲಸಕ್ಕಾಗಿ ರಾಸಾಯನಿಕ ಕಾರ್ಖಾನೆಗಳಲ್ಲಿ ಮಾಡುವ ವಸ್ತು. ನೋಟಕ್ಕೆ ಎರಡೂ ನೀರಿನಂತೆಯೇ ಇರುತ್ತವೆ. ವಾಸನೆಯಿಂದ ಬೇರ್ಪಡಿಸುವುದೂ ಸಾಮಾನ್ಯರಿಗೆ ಆಗದು. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಸುಡುತ್ತದೆ, ಉಸಿರನ್ನು ಕಟ್ಟುತ್ತದೆ. ಕುಡಿದ ಕೂಡಲೇ ಏನೂ ತೋರದೆ, ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಕಣ್ಣು ಮಂಜಾಗುವುದು, ಹೊಟ್ಟೆನೋವು, ವಾಂತಿ ಇವು ಮೊದಲಾಗುತ್ತವೆ. ಅಂಥವರನ್ನು "ಅಮಲು ಇಳಿಯಲಿ" ಎಂದು ಮಲಗಿಸಬಾರದು. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬೇಗ ಒಯ್ದರೆ ರಕ್ತಶುದ್ಧಿ ಮೊದಲಾದ ಚಿಕಿತ್ಸೆಯಿಂದ ಉಳಿಸಬಹುದು. ನಾಚಿಕೆಯಿಂದ ಮರೆಮಾಡಿದರೆ ಜೀವಕ್ಕೇ ಅಪಾಯ.

ಬಿಯರಿನ ವಿಷಯದಲ್ಲಿಯೂ ಒಂದು ಲೆಕ್ಕ ಹೇಳಬೇಕಾಗಿದೆ. "ಬಿಯರು ತಾನೆ, ಸಾರಾಯಿಯೇನಲ್ಲವಲ್ಲ" ಎಂಬ ಸಮಾಧಾನ ಬಹಳ ಜನರಲ್ಲಿದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಮಾರಾಟವಾಗುವುದು 'ಸ್ಟ್ರಾಂಗ್' ಎಂದು ಬರೆದ ಬಿಯರು. ಅದರಲ್ಲಿ ನೂರಕ್ಕೆ ಎಂಟರವರೆಗೆ ಮದ್ಯಸಾರವಿರಬಹುದು. 650 ಮಿಲಿಲೀಟರಿನ ಒಂದು ಸೀಸೆಯಲ್ಲಿ ಹಾಗಾದರೆ 52 ಮಿಲಿಲೀಟರ್ ಮದ್ಯಸಾರ. ಬ್ರಾಂದಿಯಲ್ಲಿ ನೂರಕ್ಕೆ 42.8ರಷ್ಟು ಇರುತ್ತದೆ, 60 ಮಿಲಿಲೀಟರಿನ ಒಂದು ದೊಡ್ಡ ಪೆಗ್ಗಿನಲ್ಲಿ ಸುಮಾರು 26. ಅಂದರೆ ಅಂಥ ಒಂದು ಸೀಸೆ ಬಿಯರು ಎರಡು ದೊಡ್ಡ ಪೆಗ್ಗು ಬ್ರಾಂದಿಗೆ ಸಮ. ಬೇರೆ ಮನೆತನದ್ದೆಂಬ ಮಾತ್ರಕ್ಕೆ ಬಿಯರು ಸಾಧುವಾಗುವುದಿಲ್ಲ. ಈ ಲೆಕ್ಕ ಸೀಸೆಯ ಚೀಟಿಯ ಮೇಲೆಯೇ ಇರುತ್ತದೆ; ಓದಬಲ್ಲವರು ಓದಬೇಕು.

ರೈತನಿಗೆ ಸಂದುದೆಷ್ಟು?

ಕೊನೆಯದಾಗಿ ಕಬ್ಬು ಬೆಳೆದವನ ಲೆಕ್ಕ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ಬ್ರಾಂದಿಯಲ್ಲಿ 77 ಮಿಲಿಲೀಟರ್ ಮದ್ಯಸಾರವಿದೆ. ಮೇಲೆ ಹೇಳಿದ ಪ್ರಮಾಣದಂತೆ ಅಷ್ಟು ಮದ್ಯಸಾರವು ಸುಮಾರು ಎಂಟು ಕಿಲೋ ಕಬ್ಬಿನ ಕಾಕಂಬಿಯಿಂದ ಬರುತ್ತದೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರವು ನಿಗದಿಮಾಡಿದ ಬೆಲೆ, ನೂರಕ್ಕೆ 10.25ರ ಸಕ್ಕರೆ ಇಳುವರಿಗೆ, ಕ್ವಿಂಟಾಲಿಗೆ 355 ರೂಪಾಯಿ. ಎಂಟು ಕಿಲೋಗೆ 28 ರೂಪಾಯಿ 40 ಪೈಸೆ. ಆ ಹಣವೂ ಸಕ್ಕರೆಯ ಇಳುವರಿಯನ್ನು ನೋಡಿ ಕೊಟ್ಟದ್ದು. ಒಂದು ವರ್ಷ ನೀರು ಕಟ್ಟಿದವನಿಗೂ ಸೀಸೆಯ ಮೇಲೆ ಬರೆದ ಬೆಲೆಗೂ ಎಷ್ಟು ದೂರವೆಂಬುದನ್ನು ವಾಚಕರೇ ಅಳೆದುಕೊಳ್ಳಬಹುದು.

ಈ ಅನ್ಯಾಯ ತಜ್ಞರ ಗಮನಕ್ಕೆ ಬಾರದೆ ಇಲ್ಲ. 2012ರಲ್ಲಿ ಸಿ. ರಂಗರಾಜನ್ ಸಮಿತಿಯು ಸಕ್ಕರೆ, ಕಾಕಂಬಿ, ರಚ್ಚು ಇವೆಲ್ಲದರ ಒಟ್ಟು ಮೌಲ್ಯದಲ್ಲಿ ನೂರಕ್ಕೆ 70 ಭಾಗ ರೈತನಿಗೆ ಸಲ್ಲಬೇಕೆಂದು ಶಿಫಾರಸು ಮಾಡಿತು. ಈ ತತ್ತ್ವ ಸರಿಯಾಗಿದೆಯೆಂದು ನಮ್ಮ ಅಭಿಪ್ರಾಯ. ಕಾಕಂಬಿಯೂ ರೈತನ ಗದ್ದೆಯಿಂದಲೇ ಬಂದದ್ದು.

ಅಲ್ಲದೆ ಕಾಕಂಬಿಗೆ ಈಗ ಕುಡಿತದ ಹೊರತು ಇನ್ನೊಂದು ದಾರಿ ತೆರೆದಿದೆ. ನೀರಿನ ಅಂಶವನ್ನು ಪೂರ್ತಿಯಾಗಿ ತೆಗೆದ ಎಥನಾಲನ್ನು ಪೆಟ್ರೋಲಿನೊಡನೆ ಬೆರೆಸಬಹುದು. 2018ರಿಂದ ಕಬ್ಬಿನ ರಸದಿಂದಲೇ ನೇರವಾಗಿ ಎಥನಾಲ್ ಮಾಡಲು ಅನುಮತಿ ಬಂದಿತು. ಹಾಗೆ ಮಾಡಿದರೆ ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ದೊರೆಯುತ್ತದೆ. 2025ರಲ್ಲಿ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ 20ನ್ನು ಮುಟ್ಟಿತು; ಇದರಲ್ಲಿ ಮೆಕ್ಕೆಜೋಳ, ಅಕ್ಕಿಗಳಿಂದ ಆದದ್ದೂ ಸೇರಿದೆ. ಈ ದಾರಿಗೂ ಮುಳ್ಳುಗಳಿಲ್ಲವೆಂದಲ್ಲ. ಮಳೆ ಕಡಮೆಯಾದಾಗ ಸಕ್ಕರೆಗೆ ಕೊರತೆಯಾದೀತೆಂದು 2023ರ ಡಿಸೆಂಬರಿನಲ್ಲಿ ಸರ್ಕಾರವೇ ಇದಕ್ಕೆ ಕಡಿವಾಣ ಹಾಕಿತ್ತು. ಬಟ್ಟಿಯಿಂದ ಒಂದು ಲೀಟರ್ ಮದ್ಯಸಾರಕ್ಕೆ ಹತ್ತು ಲೀಟರಿಗೂ ಮೀರಿ ಕೊಳಕು ನೀರು ಹೊರಬರುತ್ತದೆ. ಅದನ್ನು ಶುದ್ಧಿಮಾಡದೆ ಬಿಟ್ಟರೆ ಹಳ್ಳಿಯ ಬಾವಿಗಳು ಕೆಡುತ್ತವೆ. ಕಾವೇರಿಯ ನೀರು ಕನ್ನಂಬಾಡಿಯ ಕೆಳಗಿನ ಕಬ್ಬಿಗೂ ಬೇಕು, ವೀರಾಣಂ ಕೆರೆಯ ಮೂಲಕ ಚೆನ್ನೈಯ ನಲ್ಲಿಗಳಿಗೂ ಬೇಕು.

ಆದರೂ, ಬೆಳೆದವನಿಗೆ ಒಳ್ಳೆಯ ಬೆಲೆ ಬರಬೇಕಾದರೆ ಇನ್ನೊಬ್ಬ ಬಡವನು ಕುಡಿದು ಕೆಡಲೇಬೇಕೆಂಬ ಗಂಟು ಈಗ ಸಡಿಲವಾಗುತ್ತಿದೆ. ನೂರೈವತ್ತು ವರ್ಷಕ್ಕೂ ಮಿಗಿಲಾಗಿ ಸಕ್ಕರೆಗೂ ಸಾರಾಯಿಗೂ ಬಿದ್ದಿದ್ದ ಈ ಗಂಟನ್ನು ಪೂರ್ತಿಯಾಗಿ ಬಿಚ್ಚುವುದು ಕಾನೂನೊಂದರಿಂದಲೇ ಆಗುವ ಕೆಲಸವಲ್ಲ. ತಿಳಿದ ಜನರ ಒತ್ತಾಯವೂ ಬೇಕು. ಸಂಕ್ರಾಂತಿಯಂದು ಎಳ್ಳುಬೆಲ್ಲದ ಜೊತೆಗೆ ಕಬ್ಬಿನ ತುಂಡನ್ನು ಬೀರುವಾಗ, ಅದನ್ನು ಬೆಳೆದವನ ಲೆಕ್ಕವನ್ನೂ ನಮ್ಮ ಮನೆಗಳಲ್ಲಿ ಒಂದಿಷ್ಟು ಮಾತನಾಡಿಕೊಂಡರೆ ಅಂಥ ಒತ್ತಾಯಕ್ಕೆ ಅದೇ ಆರಂಭವಾದೀತು.